ತಿರುಗಿ ನೋಡದ ಹುಡುಗಿಯರು

ಸ್ಕೂಟರ್ ಕಲಿಸಿದ್ದು ಅಪ್ಪ. ಯಾದವಗಿರಿಯ ಖಾಲಿ ರಸ್ತೆಗಳಲ್ಲಿ ಒಂದು ವಾರ ನನ್ನ ಹಿಂದೆ ಓಡಿ ಓಡಿ ಬ್ರೇಕು, ಹಾರ್ನು, ಇಂಡಿಕೇಟರು ಎಲ್ಲ ಹೇಳಿಕೊಟ್ಟರು. ಅಮ್ಮ ಗೇಟಿನ ಬಳಿ ನಿಂತು ಒಂದೇ ಪಾಠ ಹೇಳಿದರು: "ಯಾರೇ ಕೂಗ್ಲಿ, ತಿರುಗಿ ನೋಡ್ಬೇಡ. ಸುಮ್ನೆ ಓಡಿಸ್ಕೊಂಡು ಬಂದ್ಬುಡು."

ತೊಂಬತ್ತರ ದಶಕದ ಕೊನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರಿಗೆ ಅಪ್ಪನ ಪಾಠಕ್ಕಿಂತ ಅಮ್ಮನದೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಹುಡುಗಿಯರನ್ನು ಚುಡಾಯಿಸಲು ಬೀದಿಗೊಬ್ಬ ಕೂಗುಮಾರಿ ಇದ್ದ. ಕನ್ನಡಿಯನ್ನೂ ನಾನು ನನ್ನ ಮುಖದ ಕಡೆಗೇ ತಿರುಗಿಸಿಕೊಂಡಿದ್ದೆ. ಹಿಂದೆ ನೋಡುವುದೇ ಇಲ್ಲವೆಂದ ಮೇಲೆ ಹಣೆಯ ಬೊಟ್ಟಾದರೂ ಕಾಣಲಿ ಅಂತ.

ಅವತ್ತು ಗೆಳತಿ ಹಿಂದೆ ಕೂತಿದ್ದಳು. ಇಳಿಜಾರಿನಲ್ಲಿ ಯಾವನೋ ಹಿಂದಿನಿಂದ "ಏಯ್, ನಿಲ್ಸಮ್ಮಾ!" ಎಂದು ಕೂಗಿದ. ಜೊತೆಗೆ ಬಿಡದೆ ಸೈಕಲ್ ಬೆಲ್ಲು.

"ನೋಡ್ಬೇಡ ಕಣೇ, ಇನ್ನೂ ಜೋರಾಗ್ ಓಡ್ಸು," ಎಂದು ಗೆಳತಿ ನಕ್ಕಳು. ನಾನೂ ನಕ್ಕು ಆಕ್ಸಿಲರೇಟರ್ ತಿರುವಿದೆ.

ಅವಳ ನಗು ಅರ್ಧಕ್ಕೇ ನಿಂತಿತು. ಗಾಡಿ ಹಿಂದಕ್ಕೆ ಎಳೆದಂತಾಗಿ ಇಬ್ಬರೂ ರಸ್ತೆಗೆ ಬಿದ್ದೆವು. ನನಗೆ ಮೊಣಕೈ ತರಚಿತು, ಅಷ್ಟೆ. ಅವಳ ಚೂಡಿದಾರದ ವೇಲ್ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಕುತ್ತಿಗೆಯನ್ನು ಬಿಗಿದಿತ್ತು. ಮುಖ ನೀಲಿಗಟ್ಟುತ್ತಿತ್ತು. ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಕೈಕಾಲೇ ಆಡಲಿಲ್ಲ. ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ.

ಕೂಗಿದವರು ಅಷ್ಟರಲ್ಲಿ ಬಂದೇಬಿಟ್ಟರು. ಐವತ್ತು ದಾಟಿದ, ಬಾಳೆಎಲೆ ಮಾರುವ ಮನುಷ್ಯ. ಸೈಕಲನ್ನು ಎಲೆಯ ಕಟ್ಟಿನ ಸಮೇತ ಬಿಸಾಕಿ, ಎಲೆ ಕೊಯ್ಯುವ ಚಾಕುವಿನಿಂದ ವೇಲನ್ನು ಕತ್ತರಿಸಿದರು. ಗೆಳತಿ ಒಮ್ಮೆ ಭಯಂಕರವಾಗಿ ಕೆಮ್ಮಿದಳು. ಉಸಿರು ಬಂತು. ಕುತ್ತಿಗೆಯ ಸುತ್ತ ಕೆಂಪು ಬರೆ ಎದ್ದಿತ್ತು, ಮಾತು ಮಾತ್ರ ಹೊರಡಲಿಲ್ಲ.

"ಅಲ್ಲಿಂದ ಗಂಟ್ಲು ಹರ್ಕೊತಾ ಇದ್ದೀನಿ, ವೇಲು ಚಕ್ರಕ್ಕೆ ಹೋಯ್ತಾ ಅದೆ ಅಂತ! ಯಾಕಮ್ಮ ನಿಲ್ಲಿಸ್ಲಿಲ್ಲ?" ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಅವರು ರೇಗಿದರು.

ನಿಮ್ಮನ್ನು ಪೋಲಿ ಅಂದುಕೊಂಡೆವು ಎಂದು ಯಾವ ಬಾಯಲ್ಲಿ ಹೇಳಲಿ?

"ಕೇಳಿಸ್ಲಿಲ್ಲ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟೆಲ್ಲ ಇಳಿದುಹೋಯಿತು.

"ಅಯ್ಯೋ ಪಾಪ, ಈ ವಯಸ್ಸಿಗೇ ಕಿವಿ ಹಿಂಗಾದ್ರೆ ಹೆಂಗಮ್ಮ? ಹೆಂಗಿದ್ರೂ ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಲ್ಲ, ನಿನ್ ಕಿವೀನೂ ಒಂದ್ಸಲ ತೋರಿಸ್ಕೊಂಡ್ ಬಾ."