ಬಳೆ ಇಟ್ಟು ಬರೆದ ಗಾಲಿಗಳು

ಮೊನ್ನೆ ಎದುರುಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಟರ್ಪೆಂಟೈನ್ ವಾಸನೆ ಒಳಗೆ ಬಂತು. ಒಲೆಯ ಮೇಲೆ ಒಗ್ಗರಣೆಯ ಎಣ್ಣೆ ಕಾಯುತ್ತಿತ್ತು. ಸಾಸಿವೆ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ನಿಮಗೂ ಅಂಥ ಒಂದು ವಾಸನೆ ಇದ್ದೇ ಇರುತ್ತದೆ, ಬಾಗಿಲು ತಟ್ಟದೆ ಒಳಗೆ ಬಂದು ಕೂರುವಂಥದು. ನನಗೆ ಟರ್ಪೆಂಟೈನ್ ಎಂದರೆ ಚಿಕ್ಕಪ್ಪ. ಒಲೆ ಆರಿಸಿ ಹೋಗಿ ಹೊಲಿಗೆಯ ಡಬ್ಬಿ ತೆಗೆದೆ. ಗುಂಡಿ, ಹುಕ್ಕು, ದಾರದುಂಡೆಗಳ ಅಡಿಯಲ್ಲಿ ಅದು ಇತ್ತು: ನನ್ನ ಅಮ್ಮನ ಹಸಿರು ಗಾಜಿನ ಬಳೆ, ಒಂದೇ ಒಂದು. ಹೊರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಬಣ್ಣ ಅಂಟಿ ಒಣಗಿದೆ. ಇಷ್ಟು ವರ್ಷವಾದರೂ ನಾನು ಅದನ್ನು ಉಜ್ಜಿ ತೆಗೆದಿಲ್ಲ.

ತಮಿಳು ಸೀಮೆಯ ಶಂಕಗಿರಿಯಲ್ಲಿ ನಮ್ಮ ಮನೆ ಕೋಟೆ ಬೆಟ್ಟದ ಕೆಳಗೆ, ಲಾರಿ ಶೆಡ್ಡುಗಳ ಬೀದಿಗೆ ಬೆನ್ನು ಕೊಟ್ಟುಕೊಂಡು ಇತ್ತು. ನಮ್ಮೂರಲ್ಲಿ ಸಂಬಂಧ ನೋಡಲು ಬಂದವರು ಹೊಲ ಎಷ್ಟಿದೆ ಎಂದು ಕೇಳುತ್ತಿರಲಿಲ್ಲ, ಲಾರಿ ಎಷ್ಟಿದೆ ಎಂದು ಕೇಳುತ್ತಿದ್ದರು. ಬೆಳಿಗ್ಗೆ ಎದ್ದರೆ ಹಕ್ಕಿಗಳಿಗಿಂತ ಮೊದಲು ಸುತ್ತಿಗೆಯ ಸದ್ದು. ಲಾರಿಗೆ ಮರದ ಬಾಡಿ ಕಟ್ಟುವವರು ಹಲಗೆಗೆ ಮೊಳೆ ಹೊಡೆಯುತ್ತಿದ್ದರು. ಮರದ ಪುಡಿ ಗಾಳಿಯಲ್ಲಿ ಹಾರಿ ಬಂದು ಹಿತ್ತಲಲ್ಲಿ ಒಣಹಾಕಿದ ಹಪ್ಪಳದ ಮೇಲೆ ಕೂರುತ್ತಿತ್ತು. ಅಪ್ಪ ಒಂದು ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರು. ಅಜ್ಜಿ ಕಡಯಂಪಟ್ಟಿ ಕಡೆಯ ಕುರಿ ಸಾಕುವ ಮನೆಯಿಂದ ಬಂದವಳು. ಪೇಟೆ ಸೇರಿ ನಲವತ್ತು ವರ್ಷವಾದರೂ ಸಂಜೆಯಾದರೆ ಮನೆಮಂದಿಯನ್ನು ತಲೆ ಎಣಿಸಿಯೇ ಬಾಗಿಲು ಹಾಕುತ್ತಿದ್ದಳು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು, ನನ್ನ ಕಾನ್ವೆಂಟಿನ ಗೇಟು ದಾಟಿದರೆ ಇಂಗ್ಲಿಷು. ಮೂರಕ್ಕೂ ಸೇರದೆ ಮನೆಯಲ್ಲಿ ಒಬ್ಬರೇ ಸುಮ್ಮನೆ ಇರುತ್ತಿದ್ದವರು ಚಿಕ್ಕಪ್ಪ, ಅಪ್ಪನ ತಮ್ಮ ನಂಜಪ್ಪ. ಮದುವೆಯಾಗಿರಲಿಲ್ಲ. ಹಿಂದಿನ ಬೀದಿಯ ಶೆಡ್ಡಿನಲ್ಲಿ ಪೇಂಟರು. ಅವರ ಉಗುರುಗಳ ಸುತ್ತ ಯಾವಾಗಲೂ ಒಂದು ನೀಲಿ ಗೆರೆ ಇರುತ್ತಿತ್ತು, ಕಿವಿಯ ಮೇಲೆ ಒಂದು ಬ್ರಷ್ಷು. ಊಟಕ್ಕೆ ಕೂತಾಗ ಅಮ್ಮ, ಆ ಬ್ರಷ್ಷನ್ನಾದರೂ ಕೆಳಗಿಡಿ ಎನ್ನುತ್ತಿದ್ದಳು. ಅವರು ಅದನ್ನು ತೆಗೆದು ಇನ್ನೊಂದು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ನಮ್ಮ ಬೀದಿಯ ಲಾರಿ ಓನರುಗಳಿಗೆ ಒಂದು ಅಭ್ಯಾಸವಿತ್ತು. ತಮ್ಮ ಬಳಿ ಇನ್ನೂ ಇಲ್ಲದ್ದನ್ನು ಲಾರಿಯ ಹಿಂದಿನ ಹಲಗೆಯ ಮೇಲೆ ಬರೆಸುವುದು. ಮಕ್ಕಳಿಲ್ಲದವರು ತೊಟ್ಟಿಲು ಬರೆಸುತ್ತಿದ್ದರು, ಬಾಡಿಗೆ ಮನೆಯವರು ಮಾಳಿಗೆ ಮನೆ. ಎರಡು ಮೂರು ಲಾರಿ ಆದವರು ಮಾತ್ರ ಕಾರು ಬರೆಸುತ್ತಿದ್ದರು. ಆದರೆ ಆಸೆ ದೊಡ್ಡದಾಗಿ ಕಂಡರೆ ಕಣ್ಣು ಬೀಳುತ್ತದೆಂದು ಚಿತ್ರ ಒಂದು ಮೊಳ ಮೀರುವ ಹಾಗಿರಲಿಲ್ಲ. ಆ ಮೊಳದುದ್ದದ ಕಾರುಗಳಿಗೆ ಚಿಕ್ಕಪ್ಪ ಹೆಸರಾಗಿದ್ದರು. ಸ್ಕೇಲು ಮುಟ್ಟುತ್ತಿರಲಿಲ್ಲ, ದಾರ ಹಿಡಿಯುತ್ತಿರಲಿಲ್ಲ, ಮೊದಲು ಚಾಕ್‌ಪೀಸಿನಲ್ಲಿ ಗುರುತು ಸಹ ಮಾಡುತ್ತಿರಲಿಲ್ಲ. ಬ್ರಷ್ಷು ಹಲಗೆಗೆ ತಾಗಿದರೆ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಒಂದೇ ಗೆರೆ. ಕೆಲಸದವರು ಬೀಡಿ ಹಚ್ಚಿಕೊಂಡು ನೋಡಲು ನಿಲ್ಲುತ್ತಿದ್ದರು.

ನಾನು ಕಾರು ಬರೆಯಲು ಹೊರಟದ್ದು ಐದನೇ ಕ್ಲಾಸಿನಲ್ಲಿ. ನಮ್ಮ ಡ್ರಾಯಿಂಗ್ ಸಿಸ್ಟರ್ ‘ಎ ಮೋಟರ್ ಕಾರ್’ ಬರೆದು ತರಲು ಹೇಳಿದ್ದರು. ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿ, ಅದು ಕನ್ನಡಿಯ ಹಾಗಾದ ಮೇಲೆ ಕ್ಯಾಲೆಂಡರಿನ ಅಂಬಾಸಿಡರ್ ಮೇಲೆ ಇಟ್ಟು ತಿದ್ದಿದೆ. ನೆಟ್ಟ ಗೆರೆಗಳಿಗೆ ಸ್ಕೇಲು. ಗಾಲಿಗಳಿಗೆ ಅಮ್ಮನ ಹಸಿರು ಬಳೆ. ಅಮ್ಮನ ಬಳೆಪೆಟ್ಟಿಗೆಯಲ್ಲಿ ಜೊತೆಯಿಲ್ಲದೆ ಉಳಿದಿತ್ತದು. ಕಾಗದ ಪೂರ್ತಿ ಎಣ್ಣೆಯ ವಾಸನೆ. ನನಗೇನೋ ಕಾರು ಬಹಳ ಚೆನ್ನಾಗಿ ಕಂಡಿತು. ಚಿಕ್ಕಪ್ಪ ಜಗಲಿಯಲ್ಲಿ ಕೂತು ಬ್ರಷ್ಷು ತೊಳೆಯುತ್ತಿದ್ದವರು ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

“ಕಾರು ಗಾಳೀಲಿ ನಿಂತೈತೆ ಕಣವ್ವಾ,” ಎಂದರು. “ಟೈರು ನೆಲದ ಮ್ಯಾಲೆ ಕುಂತ್ಕಂಡ್ರೆ ಅಡಿ ಒಸಿ ಅಪ್ಪಚ್ಚಿ ಆಯ್ತದೆ. ಬಾರ ಐತಲ್ಲ. ಬಳೆ ಇಟ್ಟು ಎಳುದ್ರೆ ಬಳೆ ಬತ್ತದೆ, ಗಾಲಿ ಬರಕಿಲ್ಲ.”

ನನ್ನ ಕಣ್ಣಲ್ಲಿ ನೀರು ಬಂದಿರಬೇಕು. ಅವರು ಆ ಬಳೆಯನ್ನು ತೆಗೆದು ನನ್ನ ಕೈಗೆ ಹಾಕಿ ತೋಳಿನವರೆಗೆ ಏರಿಸಿದರು. ಬಳೆ ಇರುವುದು ಕೈಗೆ, ಕಾಗದಕ್ಕಲ್ಲ ಎಂದರು. ಆಮೇಲೆ ಜಗಲಿಯ ಕಪ್ಪು ಕಲ್ಲಿನ ಮೇಲೆ ಬೆರಳನ್ನು ನೀರಲ್ಲಿ ಅದ್ದಿ ಬರೆಯಲು ಕಲಿಸಿದರು. ಮಣಿಕಟ್ಟಿನಿಂದ ಎಳೆಯಬಾರದು, ಭುಜದಿಂದ ಎಳೆಯಬೇಕು. ನೋಡುವುದು ಬೆರಳನ್ನಲ್ಲ, ಗೆರೆ ಎಲ್ಲಿಗೆ ಹೋಗಿ ಸೇರಬೇಕೋ ಅಲ್ಲಿಗೆ. ಶಂಕಗಿರಿಯ ಬಿಸಿಲಿಗೆ ನೀರಿನ ಕಾರು ಬರೆದು ಮುಗಿಸುವುದರೊಳಗೆ ಅದರ ಬಾನೆಟ್ಟು ಒಣಗಿ ಮಾಯವಾಗುತ್ತಿತ್ತು. ಮತ್ತೆ ಬರಿ ಎನ್ನುತ್ತಿದ್ದರು. ಹೀಗೆ ಒಂದು ಬೇಸಿಗೆ ಪೂರ್ತಿ ನೂರಾರು ಕಾರುಗಳು ನಮ್ಮ ಜಗಲಿಯಿಂದ ಆವಿಯಾಗಿ ಹೋದವು. ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಅಜ್ಜಿ ಮಾತ್ರ ಈ ಪಾಠವನ್ನು ಒಪ್ಪಲಿಲ್ಲ.

“ನಾನು ಮದುವ್ಯಾಗಿ ಬಂದಾಗ್ಲಿಂದ ಚುಕ್ಕಿ ಇಟ್ಟೇ ಎಳೀತಿವ್ನಿ,” ಎಂದಳು ಒಂದು ದಿನ. “ಚುಕ್ಕಿ ಯಾಕಿಟ್ಟೆ ಅಂತ ಯಾವ ಲಕ್ಸ್ಮೀನೂ ಬಾಗ್ಲಿಂದ ವಾಪಸ್ ಓಗಿಲ್ಲ ಕಣ್ಲಾ.”

ಚಿಕ್ಕಪ್ಪ ನಕ್ಕುಬಿಟ್ಟರು. ಅವರಿಗೆ ಆಗ ಕೈ ಹಿಡಿತದಲ್ಲಿತ್ತು, ನಗಲು ಆಗುತ್ತಿತ್ತು. ಸಿಸ್ಟರ್ ನಾನು ಬರಿಗೈಯಲ್ಲಿ ಬರೆದ ಕಾರಿನ ಕೆಳಗೆ ಕೆಂಪು ಶಾಯಿಯಲ್ಲಿ ‘ಯೂಸ್ ಸ್ಕೇಲ್’ ಎಂದು ಬರೆದು ಕಳಿಸಿದಾಗಲೂ ನಕ್ಕರು. ನಾನು ಶಾಲೆಗೊಂದು ಕಾರು, ಮನೆಗೊಂದು ಕಾರು ಬರೆಯಲು ಕಲಿತೆ. ಅವರ ನಗು ಎಲ್ಲಕ್ಕಿಂತ ಜೋರಾಗುತ್ತಿದ್ದದ್ದು ಶೆಡ್ಡಿನ ಇನ್ನೊಬ್ಬ ಪೇಂಟರು ಆರ್ಮುಗಂ ವಿಷಯದಲ್ಲಿ. ಆರ್ಮುಗಂ ಬಡಕಲು ಮನುಷ್ಯ, ಸೌಮ್ಯ ಸ್ವಭಾವ. ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ಅಚ್ಚು ಮಾಡಿಕೊಂಡು, ಹಲಗೆಯ ಮೇಲೆ ಇಟ್ಟು ಬಣ್ಣ ಒತ್ತುತ್ತಿದ್ದರು. ತಾವರೆಗೊಂದು ಅಚ್ಚು, ನಂಬರಿಗೊಂದು ಅಚ್ಚು. ಚಿಕ್ಕಪ್ಪ ಅವರನ್ನು ಎಲ್ಲರೆದುರಿಗೆ ಡಬ್ಬಾ ಪೇಂಟರ್ ಎಂದೇ ಕರೆಯುತ್ತಿದ್ದರು. ಡಬ್ಬ ತೂತಾದ ದಿನ ಈತನಿಗೆ ಪೇಂಟಿಂಗೂ ಮರೆತುಹೋಗುತ್ತದೆ ಎನ್ನುತ್ತಿದ್ದರು. ಬೇರೆಯವರು ನಗುತ್ತಿದ್ದರು. ಆರ್ಮುಗಂ ತಗಡಿನ ಅಂಚನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ತಾವೂ ಸ್ವಲ್ಪ ನಗುತ್ತಿದ್ದರು.

ನಾನು ಏಳನೇ ಕ್ಲಾಸಿಗೆ ಬಂದ ವರ್ಷ ಚಿಕ್ಕಪ್ಪನಿಗೆ ಕಾಮಾಲೆಯಾಯಿತು. ಎರಡು ತಿಂಗಳು ನಡುಮನೆಯಲ್ಲಿ ಮಲಗಿದ್ದರು. ಎದ್ದು ಓಡಾಡತೊಡಗಿದ ಮೇಲೆ ಮೊದಲು ತಿಳಿದದ್ದು ಕಿವಿಗೆ. ಬೆಳಿಗ್ಗೆ ಕಾಫಿ ಕೊಟ್ಟರೆ ಅವರ ಕೈಯಲ್ಲಿ ಲೋಟವೂ ಅದರ ಅಡಿಯ ಬಟ್ಟಲು ದವರವೂ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಕೆಲವು ದಿನದಲ್ಲಿ ಅವರು ದವರ ಬೇಡವೆಂದರು, ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕುಡಿಯುತ್ತಿದ್ದರು, ಚಳಿಯಾದವರ ಹಾಗೆ. ಅದು ಪಂಗುನಿ ತಿಂಗಳು, ಬೆಂಕಿಯಂಥ ಬಿಸಿಲು. ಅಮ್ಮ ಅವರಿಗೆ ಮಾತ್ರ ಮುಕ್ಕಾಲು ಲೋಟ ಕಾಫಿ ಬಿಡತೊಡಗಿದಳು.

ಆಗಲೇ ಚೆನ್ನಿಮಲೈ ಎಂಬ ಓನರು ತಮ್ಮ ಮೂರನೇ ಲಾರಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿದ್ದರು. ಹಲಗೆಗೆ ಬಿಳಿ ಅಂಬಾಸಿಡರ್ ಬೇಕು, ನಂಜಪ್ಪನ ಕೈಯದೇ ಆಗಬೇಕು, ಅವರು ಎದ್ದು ಬರುವವರೆಗೆ ಕಾಯುತ್ತೇನೆ ಎಂದಿದ್ದರು. ಆ ಮಾತನ್ನು ಬೀದಿಯವರೆಲ್ಲ ಹೆಮ್ಮೆಯಿಂದ ಬಂದು ಹೇಳಿ ಹೋದರು. ಚಿಕ್ಕಪ್ಪ ನಾಳೆ, ನಾಡಿದ್ದು ಎನ್ನುತ್ತ ಒಂದು ವಾರ ತಳ್ಳಿದರು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವರು ಜಗಲಿಯಲ್ಲಿ ಒಬ್ಬರೇ ಕೂತು ನೀರಿನಲ್ಲಿ ಬೆರಳದ್ದಿ ಕಲ್ಲಿನ ಮೇಲೆ ಒಂದು ಗಾಲಿ ಬರೆದಿದ್ದರು. ಅದು ಆಲೂಗಡ್ಡೆಯ ಹಾಗಿತ್ತು. ನನ್ನನ್ನು ಕಂಡು ಅಂಗೈಯಿಂದ ಒರೆಸಿಬಿಟ್ಟರು. ತಾನಾಗಿ ಒಣಗುವ ನೀರು ಅದು. ಅಷ್ಟು ಹೊತ್ತೂ ಅವರಿಗೆ ಕಾಯಲಾಗಲಿಲ್ಲ. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

“ಅವತ್ತಿನ ಬಳೆ ಐತಾ, ಮಗಾ?”

ಮರುದಿನ ಶನಿವಾರ. ಕೆಲಸದವರೆಲ್ಲ ಊಟಕ್ಕೆ ಹೋಗುವ ಹೊತ್ತಿಗೆ ನಾನು ಊಟದ ಕ್ಯಾರಿಯರ್ ಹಿಡಿದು ಶೆಡ್ಡಿಗೆ ಹೋದೆ. ಬಳೆಯನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಲಾರಿಯ ಹಿಂದೆ ಮರದ ಪುಡಿಯ ಮೇಲೆ ಇಬ್ಬರೂ ಮೊಣಕಾಲೂರಿ ಕೂತೆವು. ಕಾರಿನ ಆಕಾರ ಅವರಿಗೆ ಕಣ್ಣಲ್ಲಿ ಇತ್ತು. ಇಲ್ಲಿ, ಇನ್ನೊಂದು ಬೆರಳು ಮೇಲೆ, ಅಲ್ಲಿ ಎಂದು ಹೇಳಿದ ಹಾಗೆ ನಾನು ಹಲಗೆಯ ಮೇಲೆ ಚಾಕ್‌ಪೀಸಿನಿಂದ ಚುಕ್ಕಿ ಇಡುತ್ತ ಹೋದೆ, ಅಜ್ಜಿ ಬಾಗಿಲಲ್ಲಿ ಇಡುವ ಹಾಗೆ. ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ, ಅಲ್ಲಿ ನಿಂತು ಉಸಿರು ತೆಗೆದುಕೊಂಡು ಮತ್ತೊಂದಕ್ಕೆ ಬ್ರಷ್ಷು ಎಳೆದರು. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಒಂದೇ ಉಸಿರಿಗೆ ಹೋಗುತ್ತಿದ್ದ ಗೆರೆ ಅವತ್ತು ಹದಿನೇಳು ಕಡೆ ನಿಂತು ಹೋಯಿತು. ಗಾಲಿಗಳಿಗೆ ನಾನು ಬಳೆಯನ್ನು ಹಲಗೆಗೆ ಒತ್ತಿ ಹಿಡಿದೆ, ಅವರು ಸುತ್ತ ಬ್ರಷ್ಷು ಆಡಿಸಿದರು. ಎರಡನೆಯ ಗಾಲಿ ಮುಗಿಯುವಾಗ ಹೊರಗೆ ಕೆಮ್ಮಿದ ಸದ್ದಾಯಿತು. ಬಳೆ ನನ್ನ ಕೈ ಜಾರಿ ಬಿತ್ತು. ಒಡೆದ ಸದ್ದು ಬರಲಿಲ್ಲ, ಮರದ ಪುಡಿಯಲ್ಲಿ ಎಲ್ಲೋ ಮುಳುಗಿತು.

ಬಂದವರು ಆರ್ಮುಗಂ. ಚಿಕ್ಕಪ್ಪ ಬ್ರಷ್ಷನ್ನು ಡಬ್ಬಿಯೊಳಗೆ ಅದ್ದಿದವರು ಅದನ್ನು ಮೇಲೆತ್ತಲೇ ಇಲ್ಲ. ನಾನು ಕ್ಯಾರಿಯರಿನ ಮುಚ್ಚಳ ತೆಗೆಯುವ ಹಾಗೆ ಮಾಡಿದೆ. ಹಲಗೆಯ ಮೇಲಿನ ಚುಕ್ಕಿಗಳಲ್ಲಿ ನಾಲ್ಕೈದು ಇನ್ನೂ ಬೆಳ್ಳಗೆ ಕಾಣುತ್ತಿದ್ದವು. ಬೀದಿ ತುಂಬ ಆಡಿಕೊಂಡು ನಗಲು ಆರ್ಮುಗಂಗೆ ಒಂದು ಚುಕ್ಕಿ ಸಾಕಿತ್ತು. ಡಬ್ಬಾ ಪೇಂಟರ್ ಎಂದು ಕರೆಸಿಕೊಂಡ ಅಷ್ಟೂ ವರ್ಷಗಳನ್ನು ಅಲ್ಲೇ ತೀರಿಸಿಕೊಳ್ಳಬಹುದಿತ್ತು. ಅವರು ಹತ್ತಿರ ಬಂದರು, ಕಾರನ್ನು ನೋಡಿದರು, ಬಗ್ಗಿ ಮರದ ಪುಡಿಯೊಳಗೆ ಕೈ ಹಾಕಿ ಬಳೆಯನ್ನು ಹುಡುಕಿ ತೆಗೆದರು. ತಮ್ಮ ಒರೆಸುವ ಬಟ್ಟೆಯಿಂದ ಅದರ ಪುಡಿ ಒರೆಸಿದರು.

“ಉನ್ ವಳೆಯಲ್, ಪಾಪ್ಪಾ. ಭದ್ರಮಾ ವಚ್ಚುಕ್ಕೊ,” ಎಂದರು ತಮಿಳಿನಲ್ಲಿ. ನಿನ್ನ ಬಳೆ ಮಗು, ಜೋಪಾನವಾಗಿ ಇಟ್ಟುಕೋ. ಅಷ್ಟೇ ಹೇಳಿ, ಅದೇ ಬಟ್ಟೆಯಿಂದ ಉಳಿದ ಚುಕ್ಕಿಗಳನ್ನು ಒಂದೊಂದಾಗಿ ಒರೆಸಿ, ತಮ್ಮ ತಗಡುಗಳ ಮೂಲೆಗೆ ಹೋಗಿ ಕೂತರು. 

ಚೆನ್ನಿಮಲೈಗೆ ಕಾರು ಬಹಳ ಇಷ್ಟವಾಯಿತು. ಲಾರಿಯ ಮುಂದೆ ತೆಂಗಿನಕಾಯಿ ಒಡೆದು, ಚಿಕ್ಕಪ್ಪನ ಹೆಗಲಿಗೆ ಟವಲು ಹಾಕಿದರು. ನಂಜಪ್ಪನ ಕೈ ಕಾಮಾಲೆಗೂ ಬಗ್ಗಲಿಲ್ಲ ಎಂದು ಯಾರೋ ಅಂದರು. ಚಿಕ್ಕಪ್ಪ ಎಲ್ಲರ ಹಿಂದೆ ನಿಂತು ಹಲಗೆಯನ್ನೇ ನೋಡುತ್ತಿದ್ದರು. ನಾನು ಪಕ್ಕದಲ್ಲಿದ್ದೆ.

“ಗಾಳೀಲಿ ನಿಂತೈತೆ,” ಎಂದರು, ನನಗೊಬ್ಬಳಿಗೇ ಕೇಳುವಷ್ಟು.

ನಿಜ. ಎರಡು ಗಾಲಿಗಳೂ ಬಳೆಯಷ್ಟೇ ದುಂಡಗಿದ್ದವು. ಬೇರೆ ಯಾರಿಗೂ ಅದು ಕಾಣಲಿಲ್ಲ. ಆಮೇಲೆ ಚಿಕ್ಕಪ್ಪ ಕಾರು ಬರೆಯಲಿಲ್ಲ. ಕಣ್ಣು ಮಂಜು ಎಂದು ಕೇಳಿದವರಿಗೆ ಹೇಳಿದರು. ಶೆಡ್ಡಿನ ಮೂಲೆಯಲ್ಲಿ ಆರ್ಮುಗಂ ಪಕ್ಕ ಒಂದು ಮಣೆ ಹಾಕಿಕೊಂಡು, ಅವರು ಕತ್ತರಿಸಿ ಕೊಟ್ಟ ಅಚ್ಚು ಹಿಡಿದು ಲಾರಿಗಳಿಗೆ ನಂಬರು ಒತ್ತುವ ಕೆಲಸ ಮಾಡಿದರು. ಮನೆಯಿಂದ ಹೋಗುತ್ತಿದ್ದ ಕ್ಯಾರಿಯರಿನಲ್ಲಿ ಅಮ್ಮ ಇಬ್ಬರಿಗಾಗುವಷ್ಟು ಅನ್ನ ಹಾಕತೊಡಗಿದಳು. ಡಬ್ಬಾ ಪೇಂಟರ್ ಎಂಬ ಮಾತು ನಮ್ಮ ಮನೆಯಲ್ಲಿ ಮತ್ತೆ ಕೇಳಲಿಲ್ಲ. ಮೂರು ವರ್ಷದ ಮೇಲೆ ಕಾಮಾಲೆ ಮರುಕಳಿಸಿತು. ಅವರು ಹೋದ ದಿನ ಆರ್ಮುಗಂ ನಮ್ಮ ಜಗಲಿಯ ಕಪ್ಪು ಕಲ್ಲಿನ ಮೇಲೆ ಸಂಜೆಯವರೆಗೆ ಕೂತಿದ್ದರು, ಅಂಗೈಯಿಂದ ಕಲ್ಲನ್ನು ಸವರುತ್ತ. ಅಜ್ಜಿ ಅಂದು ಬಾಗಿಲು ಹಾಕುವ ಮೊದಲು ತಲೆ ಎಣಿಸಿದಳು, ಮತ್ತೆ ಎಣಿಸಿದಳು, ಬಾಗಿಲು ಹಾಕುವುದನ್ನು ಅಮ್ಮನಿಗೆ ಬಿಟ್ಟು ಒಳಗೆ ಹೋದಳು.

ನಾನು ಮದುವೆಯಾದ ಹೊಸತರಲ್ಲಿ ನನ್ನ ಗಂಡನ ಜೊತೆ ಕಂಬೈನಲ್ಲೂರಿನ ನೆಂಟರ ಮನೆಗೆ ಹೊರಟಿದ್ದೆ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು, ಬಸ್ಸು ನಿಂತಿತು. ನನಗೆ ಡ್ರೈವರನ ಹಿಂದಿನ ಸೀಟು. ಮುಂದೆ ಒಂದು ಹಳೆಯ ಲಾರಿ, ಅದರ ಹಲಗೆಯ ಮೇಲೆ ಬಣ್ಣ ಮಾಸಿದ, ಮೊಳದುದ್ದದ ಒಂದು ಅಂಬಾಸಿಡರ್. ಗೆರೆ ಹದಿನೇಳು ಕಡೆ ನಿಂತು ಹೋದದ್ದು ನನಗೆ ಮಾತ್ರ ಕಂಡಿತು. ಆಮೇಲೆ ಗಾಲಿಗಳನ್ನು ನೋಡಿದೆ. ಅವುಗಳ ಅಡಿ ದುಂಡಗಿರಲಿಲ್ಲ. ಯಾರೋ ಬಳೆಯ ಗೆರೆಯ ತಳವನ್ನು ಹಲಗೆಯ ಬಣ್ಣದಿಂದಲೇ ಅಳಿಸಿ, ಎರಡೂ ಗಾಲಿಗಳ ಕೆಳಗೆ ಕಪ್ಪಿನಲ್ಲಿ ಒಂದು ಅಡ್ಡ ಗೆರೆ ಎಳೆದಿದ್ದರು. ಸ್ಕೇಲು ಇಡದ ಗೆರೆ, ಚುಕ್ಕಿ ಇಲ್ಲದ ಗೆರೆ. ಇರುವೆ ಸಾಲಿನ ಹಾಗೆ ನಡುಗುತ್ತ, ನಡುವೆ ಎಲ್ಲೂ ನಿಲ್ಲದೆ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಹೋಗಿತ್ತು. ಲಾರಿ ಎಂದಾದರೂ ಶೆಡ್ಡಿಗೆ ಮರಳಿ ಬಂದಾಗ, ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ, ಚಿಕ್ಕಪ್ಪ ಒಬ್ಬರೇ ಮೊಣಕಾಲೂರಿ ಕೂತಿರಬೇಕು.

ಏನು ನೋಡ್ತಿದೀಯ ಎಂದು ನನ್ನ ಗಂಡ ಕೇಳಿದರು. ಕಾರು ಎಂದೆ. ರೈಲು ಹೋಯಿತು, ಗೇಟು ಎದ್ದಿತು. ಲಾರಿ ತನ್ನ ಭಾರ ಹೊತ್ತುಕೊಂಡು ನಿಧಾನವಾಗಿ ಹಳಿ ದಾಟಿತು. ಹಲಗೆಯ ಮೇಲಿನ ಆ ಪುಟ್ಟ ಬಿಳಿ ಕಾರು ಧೂಳಿನಲ್ಲಿ ಮರೆಯಾಗುವವರೆಗೂ ನೆಲದ ಮೇಲೇ ನಿಂತಿತ್ತು.