ಧಾರವಾಡ ವಲಯದ ವಾಮನ ಮಾಸ್ತರರು

ನಮ್ಮ ಕುಮಟೆಯ ಕಾಲೇಜಿನಲ್ಲಿ ಒಬ್ಬ ಆಟದ ಮಾಸ್ತರರಿದ್ದರು, ವಾಮನ ಮಾಸ್ತರರು ಅಂತ. ಸಮುದ್ರದ ಭರತ ಇಳಿದು ನೀರು ಹಿಂದೆ ಸರಿದ ಮೇಲೆ ದಂಡೆಯ ಹೊಯಿಗೆ ಮರಳಿನಲ್ಲಿ ಕಾಲಿನಿಂದಲೇ ಗೆರೆ ಎಳೆದು ನಮಗೆ ಕಬಡ್ಡಿ ಕಲಿಸುತ್ತಿದ್ದರು. ಹೊಯಿಗೆಯಲ್ಲಿ ಹುಲಿಗಳಾದ ನಾವು ಅಂತರ ಕಾಲೇಜು ಪಂದ್ಯಕ್ಕೆ ಧಾರವಾಡ ವಲಯದ ಗಟ್ಟಿ ನೆಲ ತುಳಿದದ್ದೇ ಮೊಣಕಾಲು ಹಿಡಿದು ಕೂರುತ್ತಿದ್ದೆವು. ವರ್ಷವೂ ಬಸ್ಸಿನಲ್ಲಿ ವಾಂತಿ ಮಾಡುತ್ತ ಘಟ್ಟ ಹತ್ತುವುದು, ಸೋಲುವುದು, ವಾಂತಿ ಮಾಡುತ್ತ ಇಳಿಯುವುದು. ಕ್ಯಾಪ್ಟನ್ ನಾನೇ, ನನ್ನನ್ನು ಹಿಡಿಯುವ ಕಷ್ಟ ಎದುರಾಳಿಗಳಿಗಿರಲಿಲ್ಲ, ತಾನಾಗಿ ಬಿದ್ದವನನ್ನು ಎಬ್ಬಿಸಿ ಮಣ್ಣು ಕೊಡವಿ ಕಳಿಸುತ್ತಿದ್ದರು. ಮಾಸ್ತರರದು ಒಂದೇ ಮಾತು: "ಆತು, ಹೋದ ಸಲಕ್ಕಿಂತ ಅಡ್ಡಿಲ್ಲೆ." ಅರವತ್ತೆರಡನೇ ಇಸವಿಯಲ್ಲಿ ಪ್ರಿನ್ಸಿಪಾಲರು ರೇಗಿದರು: "ಮಾಸ್ತರೆ, ಆ ವಲಯ ನಮ್ಮಂಥವರದ್ದಲ್ಲ. ಕಾಲೇಜಿನ ಹೆಸರು ತೆಗೆಸಿಬಿಡಿ. ಹೊನ್ನಾವರ, ಭಟ್ಕಳದ ಹುಡುಗರ ಸಂಗಡ ಇಲ್ಲೇ ಆಡಿಕೊಳ್ಳಿ." "ಇಲ್ಲೇ ಆಡಿದರೆ ಗೆಲ್ತಾರೆ ಸರ್," ಅಂದರು ಮಾಸ್ತರರು, "ಆದರೆ ಧಾರವಾಡ ಕಾಣೂದು ಯಾವಾಗ?" ಹೆಸರು ತೆಗೆಸಲೇ ಇಲ್ಲ. ಯಾಕೆಂದು ನಮಗಷ್ಟೇ ಗೊತ್ತು: ಪ್ರತಿ ಸಲ ಸೋತ ಸಂಜೆ, ಹಳದೀಪುರದ ಗದ್ದೆ, ಕಾಸರಕೋಡದ ದೋಣಿ ಬಿಟ್ಟು ಬೇರೆ ಕಂಡಿರದ ನಮ್ಮನ್ನು ಅವರು ಕುಂಟಿಸಿಕೊಂಡೇ ವಿಶ್ವವಿದ್ಯಾಲಯದ ಬಾಗಿಲವರೆಗೆ ನಡೆಸುತ್ತಿದ್ದರು. "ದಾರಿ ನೋಡಿಟ್ಕೊಳ್ಳಿ ಹುಡುಗ್ರೇ," ಅನ್ನುತ್ತಿದ್ದರು, "ಎಂ.ಎ.ಗೆ ಬರುವಾಗ ನಾನು ಸಂಗಡ ಇರೂದಿಲ್ಲ."