ಬಣವಿಗೊಂದು ಕಾಲಂ

ಬೆಳಗಿನ ಆರೂಕಾಲು. ತಿಕೋಟಾದ ಗುರುಬಸವ್ವನವರ ರೊಟ್ಟಿ ಶೆಡ್ಡಿನ ತಗಡಿನ ಮೇಲೆ ಶ್ರೀಮಂತ ಬರಿಗಾಲಲ್ಲಿ ನಿಂತಿದ್ದಾರೆ. ಸೊಂಟಕ್ಕೆ ಟೇಪು, ಕಿವಿಯ ಸಂದಿಗೆ ಪೆನ್ನು, ಹಲ್ಲಲ್ಲಿ ಹುರಿಯ ತುದಿ. ಶ್ರಾವಣದ ಮೋಡ ಸರಿದು ಬಿಸಿಲು ಬಿತ್ತೆಂದರೆ ಈ ತಗಡು ಕಾಲು ಊರಗೊಡುವುದಿಲ್ಲ. ಅದಕ್ಕೇ ಅವರ ಕೆಲಸವೆಲ್ಲ ನಸುಕಿನಲ್ಲಿ.

“ಮೆಲ್ಲಕ ಅಡ್ಯಾಡೋ ಯಪ್ಪಾ, ತಗಡ ಕುಸದೀತು!” ಕೆಳಗಿನಿಂದ ಗುರುಬಸವ್ವ ಕೂಗುತ್ತಾರೆ.

“ನಾ ಹಗರ ಅದೇನ್ರಿ ಯವ್ವಾ. ಹೆಸರಷ್ಟ ಶ್ರೀಮಂತ.”

ನಲವತ್ತೆರಡು ವರ್ಷದ ಶ್ರೀಮಂತ ಬಿಜ್ಜರಗಿ ಊರಿನವರು. ಹತ್ತನೆಯ ಇಯತ್ತೆ ಮುಗಿಯುವ ತನಕ ದಿನಾ ಸಂಜೆ ಸಾಲಿ ಬಿಟ್ಟೊಡನೆ ಕುರಿಗಳ ಹಿಂದೆ. ಆಮೇಲೆ ವಿಜಯಪುರದಲ್ಲಿ ಮನೆಗಳ ವೈರಿಂಗ್. ಈಗ ಒಂಬತ್ತು ವರ್ಷದಿಂದ ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಸೋಲಾರ್ ಅಂಗಡಿಗೆ ಜಾಗ ನೋಡುವ ಕೆಲಸ. ಪ್ಲೇಟು ಕೂರಿಸುವವರು ಬೇರೆ, ನಕ್ಷೆ ಬಿಡಿಸುವ ಇಂಜಿನಿಯರು ಬೇರೆ. ಅವರಿಬ್ಬರಿಗಿಂತ ಮೊದಲು ಹೋಗಿ, ಎಷ್ಟು ಪ್ಲೇಟು ಹಿಡಿಯುತ್ತವೆ, ಕಬ್ಬಿಣ ಭಾರ ತಾಳುತ್ತದೆಯೇ, ನೆರಳು ಎಲ್ಲಿಂದ ಬರುತ್ತದೆ ಎಂದು ಬರೆದು ತರುವವರು ಇವರು. ಹಿಟ್ಟಿನ ಗಿರಣಿ, ಒಣದ್ರಾಕ್ಷಿ ಶೆಡ್ಡು, ಗ್ಯಾರೇಜು ಎಂದು ಇಲ್ಲಿಯವರೆಗೆ ಮುನ್ನೂರಹತ್ತು ಮಾಳಿಗೆ ಹತ್ತಿದ್ದಾರೆ. ಉದ್ಘಾಟನೆಯ ಫೋಟೊ ಒಂದರಲ್ಲೂ ಇಲ್ಲ.

ಗುರುಬಸವ್ವನವರಲ್ಲಿ ಹನ್ನೊಂದು ಹೆಣ್ಣುಮಕ್ಕಳು ದಿನಕ್ಕೆ ಎರಡು ಸಾವಿರ ಜೋಳದ ರೊಟ್ಟಿ ಮಾಡುತ್ತಾರೆ. ಎಂಟರಿಂದ ಹನ್ನೊಂದರವರೆಗೆ ಯಂತ್ರಗಳು ನಿಲ್ಲುವಂತಿಲ್ಲ. ಆದರೆ ಕರೆಂಟು ಹೋಗುವುದು ಸರಿಯಾಗಿ ಅದೇ ಹೊತ್ತಿಗೆ. “ನಾದಿದ ಹಿಟ್ಟು ಕುಂಡ್ರಂಗಿಲ್ರಿ, ಬಿರಿತೈತಿ. ಹೋದ ತಿಂಗಳು ಮೂರು ಸಲ ಎಮ್ಮಿಗಿ ಹಾಕೇನಿ. ಇನ್ನೊಮ್ಮೆ ಆರ್ಡರ್ ತಪ್ಪಿದ್ರ ಹಾಸ್ಟೆಲ್‌ನವರು ಬ್ಯಾರೆ ಕಡೆ ಹೋಗ್ತಾರ” ಎನ್ನುತ್ತಾರೆ ಅವರು. ಬ್ಯಾಟರಿ ಸಮೇತ ಹದಿನೆಂಟು ಪ್ಲೇಟು ಬೇಕೆಂಬುದು ಅವರ ಲೆಕ್ಕ.

ಮಾಳಿಗೆಯ ಅಳತೆಗೆ ಹದಿನೆಂಟು ಸರಾಗ ಕೂರುತ್ತವೆ. ತೆಂಕಣಕ್ಕೆ ಇಳಿಜಾರು, ಸುತ್ತ ಗಿಡವಿಲ್ಲ, ನೀರಿನ ಟಾಕಿಯಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಇಳಿದುಬಿಡುತ್ತಿದ್ದರು. ಶ್ರೀಮಂತ ಮೂಡಣದ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು ಪಕ್ಕದ ಖಾಲಿ ಹಿತ್ತಲನ್ನೇ ನೋಡುತ್ತಾರೆ. ಹುಲ್ಲಿನ ನಡುವೆ ಸಾಲಾಗಿ ಹಾಸಿದ ಕಲ್ಲುಗಳು.

ಈ ನೋಟ ಅವರಿಗೆ ಬಂದದ್ದು ಬಬಲೇಶ್ವರದಲ್ಲಿ ಮಾಡಿದ ಒಂದು ತಪ್ಪಿನಿಂದ. ಏಳು ವರ್ಷದ ಹಿಂದೆ ಖಂಡಪ್ಪನವರ ಹಿಟ್ಟಿನ ಗಿರಣಿಯನ್ನು ಅಳೆದದ್ದೂ ಇಂಥದೇ ಶ್ರಾವಣದಲ್ಲಿ. ಮುಂದೆ ಸುಗ್ಗಿ ಮುಗಿದದ್ದೇ ತಡ, ಫೋನು ಬಂತು: “ಶ್ರೀಮಂತಪ್ಪಾ, ಊರಿಗೆಲ್ಲಾ ಆರಕ್ಕ ಏಳೋ ಸೂರ್ಯ ನನ್ನ ಗಿರಣಿಗಿ ಹತ್ತಕ್ಕ ಏಳಾಕತ್ತಾನಲ್ಲೋ!” ಹೋಗಿ ನೋಡಿದರೆ ಮಗ್ಗುಲಲ್ಲಿ ಜೋಳದ ಒಣದಂಟಿನ, ಕಣಿಕೆಯ ಬಣವಿ, ಮನೆಯೆತ್ತರ.

“ನಾ ಅಳದಾಗ ದನ ತಿಂದು ಮೊಣಕಾಲಮಟ ಉಳದಿತ್ರಿ. ಕುರಿ ಕಾಯ್ದ ಮಗ ನಾ, ಬಣವಿ ಏರತೈತಿ, ಇಳಿತೈತಿ ಅನ್ನೋದು ಗೊತ್ತಿಲ್ಲೇನು? ಆದ್ರ ತೆಲ್ಯಾಗ ಬರಲೇ ಇಲ್ಲ. ಒಂದ್ ಪ್ಲೇಟಿನ ಮ್ಯಾಲ ನೆರಳು ಬಿದ್ರ ಸಾಲಿಗೆ ಸಾಲೇ ಮಂದ ಆಕೈತಿ, ಮುಂದಿನ ಕುರಿ ನಿಂತ್ರ ಹಿಂಡೆಲ್ಲಾ ನಿಂತಂಗ.” ನಾಲ್ಕು ಐತವಾರ ರಜೆಯ ದಿನ ಹೋಗಿ ಆ ಪ್ಲೇಟುಗಳನ್ನೆಲ್ಲ ತಾವೇ ಬಿಚ್ಚಿ ಆಚೆ ಮಗ್ಗುಲಿಗೆ ಕೂರಿಸಿ ಬಂದರು.

ಅಂದಿನಿಂದ ಅಂಗಡಿಯ ಅಚ್ಚಿನ ಫಾರ್ಮಿನ ಕೊನೆಗೆ ಪೆನ್ನಿನಲ್ಲಿ ಒಂದು ಗೀಟು ಎಳೆದು ‘ಬಣವಿ’ ಎಂದು ಬರೆಯುತ್ತಾರೆ. ಮಾಲೀಕ ಸಿದ್ದಲಿಂಗೇಶ ನಗುತ್ತಾರಂತೆ: “ಕಂಪ್ಯೂಟರಿಗಿ ಬಣವಿ ಅಂದ್ರೇನು ಗೊತ್ತೈತೇನಲೇ?” ಇವರ ಉತ್ತರ, “ಅದಕ್ಕ ಬರಿಯಾಕತ್ತೇನ್ರಿ.”

ಕೆಳಗಿಳಿದವರೇ ಹಿತ್ತಲಿನ ಒಡೆಯ ಮಲ್ಲಿಕಸಾಬರನ್ನು ಕರೆಯುತ್ತಾರೆ. “ಕಾಕಾ, ಈ ಕಲ್ಲು ಬಣವಿ ಬುಡಕ್ಕೇನ್ರಿ?”

“ಹೌದ ಮತ್ತ. ನಮ್ಮಪ್ಪನ ಕಾಲದಿಂದ ಇಲ್ಲೇ ಒಟ್ಟತೇವಿ.”

ಹದಿನೆಂಟರಲ್ಲಿ ಎಂಟು ಪ್ಲೇಟಿಗೆ ಮಾರ್ಚಿನಿಂದ ಬೆಳಗಿನ ನೆರಳು, ಅದೂ ರೊಟ್ಟಿಯ ಹೊತ್ತಿಗೇ; ಅವನ್ನು ಬಿಡಬೇಕಾಗುತ್ತದೆ ಎನ್ನುತ್ತಾರೆ ಶ್ರೀಮಂತ. ಗುರುಬಸವ್ವನವರ ಮುಖ ಇಳಿಯುತ್ತದೆ. “ಎಂಟು ತಗದ್ರ ನನಗೇನ್ ಉಳೀತೋ?”

ಬಣವಿಯನ್ನು ಹಿತ್ತಲಿನ ಬಡಗಣ ಮೂಲೆಗೆ ಸರಿಸಲಾದೀತೇ ಎಂದು ಶ್ರೀಮಂತ ಕೇಳುತ್ತಾರೆ. ಮಲ್ಲಿಕಸಾಬರು ಗಡ್ಡ ತುರಿಸುತ್ತ ಯೋಚಿಸುತ್ತಾರೆ. “ಸರಸೋಣು. ಆದ್ರ ನಿಮ್ಮ ವೈರು ನನ್ನ ಕಣಿಕಿ ಕಡೆ ಬರಬಾರದು ನೋಡು. ಕಿಡಿ ಬಿತ್ತಂದ್ರ ನನ್ನ ಎಮ್ಮಿ ಏನ್ ತಿನ್ನಬೇಕು, ಇಕಿ ರೊಟ್ಟಿ?”

“ತಿಂದಾವಲ್ಲ ಮೂರು ಸಲ!” ಗುರುಬಸವ್ವ ನಗುತ್ತಾರೆ. ವೈರು ಪಡುವಣ ಗೋಡೆಗೆ ಇಳಿಯುವುದೆಂದು ಶ್ರೀಮಂತ ಆಗಲೇ ಫಾರ್ಮಿನಲ್ಲಿ ಬರೆಯುತ್ತಾರೆ.

ಮಾತು ಮುಗಿಯಿತೆಂದು ಎಲ್ಲರೂ ಚಹಾಕ್ಕೆ ತಿರುಗಿದರೆ, ಶ್ರೀಮಂತ ಮಾತ್ರ ಹಿತ್ತಲಿಗೆ ಹಾರಿ ಮೊದಲ ಕಲ್ಲು ಎಬ್ಬಿಸುತ್ತಿದ್ದಾರೆ. “ಸುಗ್ಗ್ಯಾಗ ಈ ಮಾತು ಯಾರಿಗಿ ನೆನಪಿರತೈತ್ರಿ? ಕಲ್ಲು ಎಲ್ಲಿರತಾವು ಅಲ್ಲೇ ಒಟ್ಟತಾರ.” ಮಲ್ಲಿಕಸಾಬರು ಬೈಯುತ್ತಲೇ ಇನ್ನೊಂದು ತುದಿಗೆ ಕೈ ಹಾಕುತ್ತಾರೆ. ಇಪ್ಪತ್ತಾರು ಕಲ್ಲು, ಮುಕ್ಕಾಲು ತಾಸು. ಹಳೆಯ ಜಾಗದಲ್ಲಿ ಹುಲ್ಲಿಲ್ಲದ ಬಿಳಿಚಿದ ಮಣ್ಣು ಮಾತ್ರ ಉಳಿಯುತ್ತದೆ.

ಕೈ ತೊಳೆದು ಶ್ರೀಮಂತ ಫಾರ್ಮು ತುಂಬುತ್ತಾರೆ: ಪ್ಲೇಟು, ಹದಿನೆಂಟು. ಬಣವಿ, ಸರಿಸಿದೆ. ನಿಮಗೇನಾದರೂ ಆಸೆ ಇದೆಯೇ ಎಂದರೆ ಬಿಸಿ ರೊಟ್ಟಿ ಮುರಿಯುತ್ತ, ಫಾರ್ಮಿನ ಕೊನೆಗೆ ಪೆನ್ನಿನಲ್ಲಿ ಎಳೆದ ಗೀಟು ತೋರಿಸುತ್ತಾರೆ.

“ಆ ಕಾಲಂ ಒಂದು ಛಾಪಿಸಿದ್ರ ಸಾಕ್ರಿ. ನಾ ಹೋದ ಮ್ಯಾಲ ಬರಾಂವ ಕೇಳೋದು ಮರೀಬಾರದು.”